ಮೀನು ತಿನ್ನದ ತೀರ್ಪುಗಾರರು
ನರಸಿಂಹರಾಜಪುರದ ಗಾಳದ ಸ್ಪರ್ಧೆಯಲ್ಲಿ ಮೀನು ಅಳೆದು ತೂಗಲು ಪ್ರತಿವರ್ಷ ಬಟ್ಟೆ ಅಂಗಡಿಯ ರೇಣುಕಪ್ಪನವರನ್ನೇ ಕರೆಯುತ್ತಾರೆ. ಮೀನು ತಿನ್ನದ ಮನೆತನ, ಮೋಸ ಮಾಡಲಾರರೆಂದು ಎಲ್ಲರ ನಂಬಿಕೆ. ಅವರಿಗೆ ಮಾತ್ರ ಯಾರ ಮೇಲೂ ನಂಬಿಕೆಯಿಲ್ಲ. ಕಲ್ಲು ತುರುಕಿದ್ದಾರೇನೋ ಎಂದು ಮೀನಿನ ಹೊಟ್ಟೆ ಒತ್ತುತ್ತಾರೆ, ಮೈ ತಣ್ಣಗಿದ್ದರೆ “ಐಸ್ ಪೆಟ್ಟಿಗೆಯಿಂದ ಎದ್ದು ಬಂತಾ ಮಾರಾಯ?” ಎನ್ನುತ್ತಾರೆ, ಬಾಲ ಎಳೆದು ಹಿಡಿದವರ ಕೈಗೆ ಟೇಪಿನಲ್ಲೇ ಒಂದು ಏಟು ಕೊಡುತ್ತಾರೆ. ಈ ಸಲ ರೋಹು ಮೀನಿಗೇ ದೊಡ್ಡ ಬಹುಮಾನ. ಗಾಳ ಹಾಕಿದ್ದ ಜಾಹಿದ್ ತಾನು ಹಿಡಿದದ್ದು ರೋಹು ಎಂದ. ರೇಣುಕಪ್ಪ ಸಿಡುಕಿದರು: “ಯಾರಿಗೆ ಹೇಳ್ತೀಯ? ಇದು ರೋಹು ಅಲ್ಲ, ಮೃಗಾಲ್ ಮೀನು! ಇದರ ಮುಳ್ಳು ಗಂಟಲಿಗೆ ಸಿಕ್ಕಿದ್ರೆ ಎರಡು ಉಂಡೆ ಅನ್ನ ನುಂಗಿದ್ರೂ ಇಳಿಯಲ್ಲ!” ಎಲ್ಲರ ಕಣ್ಣೂ ಮೀನನ್ನು ಬಿಟ್ಟು ಅವರ ಗಂಟಲ ಮೇಲೆ ನಿಂತವು. “ಹಂಗಂತ ಹೇಳ್ತಾರಪ್ಪ, ತಿಂದವರು,” ಎನ್ನುತ್ತ ರೇಣುಕಪ್ಪ ಟೇಪು ಸುತ್ತತೊಡಗಿದರು.