ಕಿಟಕಿಯೊಳಗೊಂದು ಕಿಟಕಿ

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವನು ನಾನು. ಅಷ್ಟೂ ವರ್ಷ ಹೇಳಿಕೊಟ್ಟ ಒಂದು ಪಾಠ ಎಂಥ ಅಪಾಯಕಾರಿ ಎಂಬುದು ನನಗೆ ತಿಳಿದದ್ದು ನಿವೃತ್ತನಾದ ಮೇಲೆ, ಅದೂ ನಮ್ಮ ಮನೆಯ ಹಾಲಿನಲ್ಲಿ. ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಬರಲಿ ಪಾಪ, ಬೇಡ ಅನ್ನುವವರು ಯಾರು? ಆದರೆ ಸಿಟಿ ಬಸ್ಸೂ ಅದೇ ಹೊತ್ತಿಗೆ ಬರುತ್ತದೆ.

ನಮ್ಮ ಮನೆ ಅಶೋಕಪುರಂ ಕಡೆಗೆ ಹೋಗುವ ದೊಡ್ಡ ರಸ್ತೆಯ ಮೇಲಿದೆ. ಹಳ್ಳಿಯಿಂದ ಬಂದ ನಮ್ಮ ತಾತ ಕಟ್ಟಿಸಿದ್ದು. ಬಸ್ಸು ಹಿಡಿಯಲು ಅನುಕೂಲವಾಗಲಿ ಎಂದೇ ಆ ಜಾಗ ಆರಿಸಿದರಂತೆ. ಅವರ ಆಸೆ ಸ್ವಲ್ಪ ಹೆಚ್ಚಾಗಿಯೇ ಈಡೇರಿದೆ. ಈಗ ಬಸ್ ಸ್ಟಾಪು ನಮ್ಮ ಹಾಲಿನ ಕಿಟಕಿಯ ಎದುರಿಗೇ ಇದೆ. ಆಳೆತ್ತರದ ತೇಗದ ಕಿಟಕಿ, ತೆಳ್ಳನೆಯ ಹಳೇ ಗಾಜು; ಸಂದಿಯಲ್ಲಿ ಪೋಸ್ಟ್‌ಕಾರ್ಡು ತೂರಿಸಬಹುದು. ಶಬ್ದ ಆಕಾಶದ ಗುಣ ಎಂದು ತರ್ಕಶಾಸ್ತ್ರದವರು ಹೇಳಿದ್ದಾರೆ. ಅವರು ಯಾರೂ ಬಸ್ ಸ್ಟಾಪಿನ ಎದುರು ಸಂಸಾರ ಮಾಡಿದವರಲ್ಲ. ನಮ್ಮಲ್ಲಿ ಶಬ್ದ ಡೀಸೆಲ್ಲಿನ ಗುಣ.

ಹೋದ ವರ್ಷ ನಮ್ಮ ಮಗಳು ಚೈತ್ರಾಳನ್ನು ನೋಡಲು ಒಬ್ಬರು ಬಂದರು. ಅವಳು ಫಿಸಿಯೋಥೆರಪಿಸ್ಟ್, ಮುರಿದ ಕೈಕಾಲಿನವರನ್ನು ಗದರಿಸಿ ನಡೆಸುವುದು ಅವಳಿಗೆ ಬಲು ಪ್ರಿಯವಾದ ಕೆಲಸ. ಹುಡುಗನ ತಂದೆ ಅದರ ಬಗ್ಗೆಯೇ ಕೇಳಿದರು. ನಾನು ಎದೆಯುಬ್ಬಿಸಿ, "ಮದುವೆ ಆದ್ಮೇಲೆ ಕೆಲಸ ಬಿಡ್ತಾಳೆ ಅನ್ನೋ ಮಾತೇ ಇಲ್ಲ" ಎಂದೆ. 'ಬಿಡ್ತಾಳೆ' ಎಂಬಲ್ಲಿಗೆ ಬಸ್ಸು ಬಂತು. ಉಳಿದ ಮೂರು ಪದಗಳು ಅದರ ಚಕ್ರಕ್ಕೆ ಸಿಕ್ಕಿಹೋದವು. ಅವರು ಸಂತೋಷದಿಂದ ತಲೆಯಾಡಿಸಿದರು. ನಾನೂ ಆಡಿಸಿದೆ. ಹದಿನೈದು ದಿನದ ಮೇಲೆ, ಕೆಲಸಕ್ಕೆ ರಾಜೀನಾಮೆ ಯಾವಾಗ ಎಂದು ಫೋನು ಬಂತು. ಸಂಬಂಧ ಮುರಿಯಿತು. ಜೊತೆಗೆ ನಾನು ಮಾತಿಗೆ ತಪ್ಪುವವನು ಎಂಬ ಹೆಸರೂ ಬಂತು.

"ಇನ್ನೊಬ್ಬರು ಬರೋದ್ರೊಳಗೆ ಆ ಕಿಟಕಿಗೆ ಒಂದು ಗತಿ ಕಾಣಿಸಿ" ಎಂದಳು ಹೆಂಡತಿ ನಾಗರತ್ನ.

ಕಿತ್ತು ಹೊಸದು ಹಾಕಿಸೋಣ ಎಂದು ನಾನು ಬಾಯಿಬಿಟ್ಟದ್ದೇ ತಡ, ಎಂಬತ್ತು ದಾಟಿದ ಅಮ್ಮ ಎದ್ದು ಬಂದು ಕಿಟಕಿಗೆ ಬೆನ್ನುಕೊಟ್ಟು ನಿಂತರು. "ನಿಮ್ಮ ತಾತ ನಿಂತು ಕುಯ್ಸಿದ್ ತೇಗ ಕಣೋ ಇದು. ಇದನ್ನ ಕೀಳಂಗಿದ್ರೆ ಮೊದ್ಲು ನನ್ನ ಕಿತ್ತಾಕ್ಬುಡು!"

ಅಮ್ಮನನ್ನೂ ಕಿಟಕಿಯನ್ನೂ ಉಳಿಸಿದವರು ಬಡಗಿ ಮಾದೇವಣ್ಣ. "ಹಳೇದನ್ನ ಮುಟ್ಟೋದೇ ಬ್ಯಾಡಿ ಮೇಷ್ಟ್ರೇ. ಒಳಗಡೆಯಿಂದ ಇನ್ನೊಂದು ಚೌಕಟ್ಟು ಮಾಡಿ ದಪ್ಪ ಗಾಜು ಕೂರುಸ್ತೀನಿ, ಬೇಕಾದಾಗ ಸರಿಸ್ಕೊಳಿ. ಎರಡರ ಮಧ್ಯ ಅರ್ಧ ಗೇಣು ಗಾಳಿ ಬುಟ್ರೆ ಸಾಕು. ಆ ಗಾಳಿನೇ ಕಾವಲುಗಾರ" ಎಂದರು. ಹಾಗೆಯೇ ಮಾಡಿದರು. ಬಾಗಿಲ ಸಂದಿಗೂ ರಬ್ಬರು ಬಡಿದರು.

ಕೊನೆಯ ಸ್ಕ್ರೂ ಬಿಗಿದು ಗಾಜು ಸರಿಸಿದಾಗ ನಮಗೆಲ್ಲ ಒಂಥರಾ ಭಯವೇ ಆಯಿತು. ಹೊರಗೆ ಬಸ್ಸು ಬಂತು, ನಿಂತಿತು, ಕಂಡಕ್ಟರು ಬಾಯಿ ತೆರೆದು ಮುಚ್ಚಿದ, ಬಸ್ಸು ಹೋಯಿತು. ದೂರದಲ್ಲಿ ಯಾರೋ ಗಂಟಲು ಸರಿಮಾಡಿಕೊಂಡಷ್ಟು ಸದ್ದು, ಅಷ್ಟೇ. "ಅಯ್ಯೋ, ನನ್ ಕಿವಿ ಓಯ್ತು ಕಣೋ" ಎಂದು ಅಮ್ಮ ಅತ್ತೇಬಿಟ್ಟರು. ಅವರ ಕಿವಿ ಸರಿಯಾಗಿದೆ ಎಂದು ಒಪ್ಪಿಸಲು ಒಂದು ದಿನ ಹಿಡಿಯಿತು.

ಶಬ್ದವೇನೋ ಹೊರಗೆ ನಿಂತಿತು. ಆದರೆ ಅದರ ಮೇಲೆ ಏರಿ ಮಾತಾಡಲು ನಮ್ಮ ಗಂಟಲುಗಳು ಕಲಿತಿದ್ದ ವಿದ್ಯೆ ಒಳಗೇ ಉಳಿಯಿತು. ಉಪ್ಪು ಕೇಳಿದರೂ ನಮ್ಮದು ಭಾಷಣವೇ. "ಅಪ್ಪಾ, ನಾನು ಇಲ್ಲೇ ಪಕ್ಕದಲ್ಲೇ ಇದೀನಿ" ಎಂದು ಚೈತ್ರಾ ದಿನಕ್ಕೆ ಹತ್ತು ಸಲ ನೆನಪಿಸುತ್ತಿದ್ದಳು, ಅವಳೂ ಕೂಗಿಯೇ.

ಇಂಥ ಹೊತ್ತಿನಲ್ಲಿ ಉದಯಗಿರಿಯಿಂದ ಎರಡನೆಯ ಹುಡುಗನ ಮನೆಯವರು ಬಂದರು. ಹುಡುಗ ಪ್ರದೀಪ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಮಾಡುತ್ತಾನೆ. ತಂದೆ ರಾಜಣ್ಣನವರದು ಹಿಟ್ಟಿನ ಮಿಲ್ಲು, ಮನೆ ಅದರ ಹಿಂದೆಯೇ. ತಾಯಿ ಜಯಮ್ಮನವರೂ ಬಂದಿದ್ದರು. ಉಪಚಾರ ಮುಗಿದ ಮೇಲೆ ರಾಜಣ್ಣನವರು, "ಒಂದೈದು ನಿಮಿಷ ನಾವ್ನಾವೇ ಮಾತಾಡ್ಕೋತೀವಿ ಮೇಷ್ಟ್ರೇ" ಎಂದರು. ನಾವು ಮರ್ಯಾದೆಯಿಂದ ಎದ್ದು ಅಡುಗೆಮನೆಗೆ ಹೋದೆವು. ನಡುವೆ ಇದ್ದದ್ದು ಒಂದು ಪರದೆ.

ಒಳಗೆ ಹೋದ ಕೂಡಲೇ ಅಮ್ಮ ಪಿಸುಗುಟ್ಟಿದರು. ಅದು ಬಸ್ ಸ್ಟಾಪಿನ ಎದುರು ಪಳಗಿದ ಪಿಸುಮಾತು. "ಉಡುಗ ಲಕ್ಷಣವಾಗವ್ನೆ. ಅವರಪ್ಪನೇ ಬ್ರೇಕ್ ಇಲ್ದಂಗೆ ಮಾತಾಡ್ತದೆ."

ಹಾಲಿನಿಂದ ಜಯಮ್ಮನವರ ಪಿಸುಮಾತು ಬಂತು. ಅದು ಮಿಲ್ಲಿನ ಹಿಂದೆ ಪಳಗಿದ್ದು. "ಹುಡುಗಿ ಚೆನ್ನಾಗವ್ಳೆ ಕಣ್ರೀ. ಕೇಸರಿಬಾತ್ ಮಾತ್ರ ಗೋಡೆಗೆ ಪೋಸ್ಟರ್ ಅಂಟ್ಸಬಹುದು, ಅಂಗೈತೆ."

ನಾಗರತ್ನ ನನ್ನನ್ನು ನೋಡಿದಳು. ಕೇಸರಿಬಾತ್ ಮಾಡಿದ್ದು ನಾನು. ಅವರ ಮಾತು ನಮಗೆ ಇಷ್ಟು ಚೆನ್ನಾಗಿ ಕೇಳಿಸುತ್ತಿದೆ ಎಂದರೆ ನಮ್ಮದೂ ಅವರಿಗೆ ಕೇಳಿಸಿರಬೇಕು ಎಂದು ನನಗೆ ಹೊಳೆದದ್ದು ಆಗಲೇ. ಎರಡನೆಯ ಸಂಬಂಧವೂ ಹೋಯಿತು, ಈ ಸಲ ಬಸ್ಸಿನ ಮೇಲೆ ಹೊರಿಸುವ ಹಾಗೂ ಇಲ್ಲ.

"ಕೆಲಸದ ವಿಷಯ ಏನ್ ಮಾಡನ? ಬುಡ್ಸಿ ಅಂತ ಕೇಳಾದಾ?" ಎಂದರು ಆಚೆ ರಾಜಣ್ಣ. ಅವರಿಗಿನ್ನೂ ಹೊಳೆದಿರಲಿಲ್ಲ.

"ಕೇಳಿದ್ರೆ ನಾನೇ ಎದ್ದು ಹೋಗ್ತೀನಿ ಅಪ್ಪ" ಎಂದ ಹುಡುಗ.

ನಾನು ಚೈತ್ರಾಳ ಕೈ ಹಿಡಿದುಕೊಳ್ಳುವಷ್ಟರಲ್ಲಿ ಅವಳು ಪರದೆಯತ್ತ ತಿರುಗಿ, ರೋಗಿಗಳಿಗೆ ಹೇಳುವ ಧ್ವನಿಯಲ್ಲಿ, "ಕೆಲಸ ಬಿಡೋದಿಲ್ಲ" ಎಂದಳು.

ಮನೆಯೊಳಗೆ ಆಗ ಆವರಿಸಿದ ಮೌನ ಮಾದೇವಣ್ಣನವರ ಗಾಜಿನಿಂದ ಬಂದದ್ದಲ್ಲ.

"ಬಿಡಬೇಡಿ" ಎಂದಿತು ಆಚೆಯ ಎಳೆಯ ಧ್ವನಿ.

ಮೊದಲು ನಕ್ಕವರು ಜಯಮ್ಮ. ಪರದೆ ಸರಿಸಿ ಒಳಗೇ ಬಂದು, ಅಮ್ಮನ ಪಕ್ಕ ಮಣೆ ಎಳೆದುಕೊಂಡು ಕೂತರು. "ನೀವು ಹೇಳಿದ್ದು ದಿಟ ಕಣಮ್ಮ, ನಮ್ಮನೆಯವರಿಗೆ ಬ್ರೇಕೇ ಇಲ್ಲ" ಎಂದರು. ರಾಜಣ್ಣ ನನ್ನ ಹೆಗಲು ತಟ್ಟಿ ಇನ್ನೊಂದು ತಟ್ಟೆ ಕೇಸರಿಬಾತ್ ಕೇಳಿದರು. ಅಷ್ಟು ದೊಡ್ಡ ಮನಸ್ಸಿನವರನ್ನು ನಾನು ಬೇರೆ ಕಂಡಿಲ್ಲ.

ಮದುವೆ ಆಷಾಢಕ್ಕೆ ಮುಂಚೆಯೇ ಆಯಿತು. ಮೊನ್ನೆ ಬೀಗರ ಮನೆಗೆ ಊಟಕ್ಕೆ ಹೋಗಿದ್ದೆವು. ಮಿಲ್ಲು ಓಡುತ್ತಿತ್ತು, ಎಲೆಯ ಮೇಲಿನ ಹಪ್ಪಳ ನಡುಗುತ್ತಿತ್ತು. ಮಾದೇವಣ್ಣನವರನ್ನು ಕಳಿಸಿಕೊಡಲೇ ಎಂದು ಕಿವಿಯ ಹತ್ತಿರ ಬಾಯಿಟ್ಟು ಕೂಗಿದೆ. "ಬ್ಯಾಡಿ ಬೀಗ್ರೇ!" ಎಂದು ರಾಜಣ್ಣ ಕೈ ಮುಗಿದರು. "ನಾನೂ ಇವಳೂ ಇಷ್ಟು ವರ್ಷ ಒಂದು ಮಾತು ಬರದಂಗೆ ಬಾಳಿರಾದೇ ಈ ಮಿಲ್ಲಿನ ಪುಣ್ಯ!"

ಬಡಿಸುತ್ತಿದ್ದ ಜಯಮ್ಮ ಅವರತ್ತ ನೋಡಿ, ಮುಗುಳ್ನಕ್ಕು, ಏನೋ ಅಂದರು. ರಾಜಣ್ಣ ಬಹಳ ಪ್ರೀತಿಯಿಂದ ತಲೆಯಾಡಿಸಿದರು. ಆಕೆ ನನ್ನ ಎಲೆಗೆ ಅನ್ನ ಹಾಕಲು ಬಗ್ಗಿದ್ದರಿಂದ ಆ ಮಾತು ನನಗೊಬ್ಬನಿಗೆ ಸ್ಪಷ್ಟವಾಗಿ ಕೇಳಿಸಿತು.

ಅದನ್ನು ನಾನಿಲ್ಲಿ ಬರೆಯುವುದಿಲ್ಲ. ನಮ್ಮ ಬೀಗರಿಗೆ ಕೇಳುವ ಅಭ್ಯಾಸ ಇಲ್ಲದಿದ್ದರೂ ಓದುವ ಅಭ್ಯಾಸವಿದೆ.