ರುಖಿಯಾಳ ಎಡಗೈ

ಕಾಟಿಪಳ್ಳದ ಸುತ್ತಮುತ್ತ ಯಾರ ಮನೆಯಲ್ಲಿ ಮದುವೆ ನಿಶ್ಚಯವಾದರೂ, ಹಾಲ್ ಸಿಕ್ಕಿತು ಎಂದಾದ ಮೇಲೆ ಬರುವ ಮುಂದಿನ ಮಾತು ರುಖಿಯಾಳದ್ದು. ಆ ದಿನ ಅವಳು ಬಿಡುವಾಗಿದ್ದಾಳೋ ಇಲ್ಲವೋ? ಮದರಂಗಿ ಹಾಕುವುದರಲ್ಲಿ ಅವಳ ಹೆಸರು ಅಷ್ಟು. ಶಾಲೆ ಬಿಟ್ಟ ವಯಸ್ಸಿನಲ್ಲಿ ಕೋನ್ ಹಿಡಿದವಳು; ಈಗ ನಲವತ್ತರ ಹತ್ತಿರ. ಅವಳದೇ ಮದುವೆ ಬಹಳ ದಿನ ಬಾಳಲಿಲ್ಲ. ತವರಿಗೆ, ಉಮ್ಮನ ಮನೆಗೆ ವಾಪಸಾದ ಮೇಲೆ ಈ ಕೆಲಸವೇ ಅವಳನ್ನೂ ಉಮ್ಮನನ್ನೂ ಸಾಕಿತು.

ಪೇಟೆಯ ನಡುವಿನ ಹಂಪನಕಟ್ಟೆಯಲ್ಲಿ ನಿರೀಕ್ಷಾಳ ಬ್ಯೂಟಿ ಪಾರ್ಲರ್ ಇದೆ, ಹಳೆಯ ಕಟ್ಟಡದ ಮೇಲ್ಮಹಡಿಯಲ್ಲಿ. ಮುಖದ ಅಲಂಕಾರ ನಿರೀಕ್ಷಾಳದ್ದು, ಕೈಯದು ರುಖಿಯಾಳದ್ದು. ಮದುಮಗಳ ಕೈಯಲ್ಲಿ ಒಂದು ಬೆರಳಗಲ ಜಾಗವನ್ನೂ ಖಾಲಿ ಬಿಡಬಾರದೆಂಬುದು ಈ ಕಸುಬಿನ ನಿಯಮ. ಮಾವಿನಕಾಯಿ, ಬಳ್ಳಿ, ಜಾಲರಿ, ಮತ್ತೆ ಬಳ್ಳಿ. ಹೋದ ಮದುವೆಯ ಸೀಸನ್ ಮುಗಿದಾಗ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಬಸ್ಸಿನಲ್ಲಿ ಎದುರಿನ ಸೀಟಿನ ಬೆನ್ನಿನ ಮೇಲೆ, ಹಾಸಿಗೆಯ ಮೇಲೆ, ಉಣ್ಣುವಾಗ ತಟ್ಟೆಯ ಅಂಚಿನಲ್ಲಿ ಅವಳ ಬೆರಳು ತಾನಾಗಿಯೇ ಬಳ್ಳಿ ಬಿಡಿಸುತ್ತಿತ್ತು. ನಿಲ್ಲಿಸೆಂದರೆ ನಿಲ್ಲುತ್ತಿರಲಿಲ್ಲ.

ಒಂದು ಮಧ್ಯಾಹ್ನ ಪಾರ್ಲರಿಗೆ ಬರಬೇಕಾದ ಹುಡುಗಿ ನಂತೂರಿನ ಟ್ರಾಫಿಕ್ ಬ್ಲಾಕಿನಲ್ಲಿ ಸಿಕ್ಕಿಬಿದ್ದಿದ್ದಳು. ರುಖಿಯಾ ಕಿಟಕಿಯ ಬಳಿ ನಿಂತು ಕೆಳಗಿನ ರಸ್ತೆ ನೋಡುತ್ತಿದ್ದಳು. ಸಿಟಿ ಬಸ್ಸುಗಳು ಒಂದರ ಮೈಗೆ ಇನ್ನೊಂದು ಉಜ್ಜಿಕೊಂಡು ಸಾಗುತ್ತಿದ್ದವು. ವಯರುಗಳು ಕಂಬದಿಂದ ಕಂಬಕ್ಕೆ ಜೋತುಬಿದ್ದಿದ್ದವು. ಅವಳು ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಮಗುಚಿ, ಕೈಯಲ್ಲಿದ್ದ ಕೋನಿನಿಂದ ಅದನ್ನೆಲ್ಲ ಎಳೆಯತೊಡಗಿದಳು.

ನಿರೀಕ್ಷಾ ಬಗ್ಗಿ ನೋಡಿದಳು. “ಅಯ್ಯೋ, ಎಷ್ಟು ಚಂದ ಉಂಟು ರುಖಿಯಾಕ್ಕ!”

“ಇದೆಂತ ಹೇಳು ನೋಡುವ?”

“ಮಾವಿನಕಾಯಿ ಅಲ್ವಾ?”

“ಅದು ಬಸ್ಸು ಮಾರಾಯ್ತಿ.” ರುಖಿಯಾ ಹಾಳೆಯನ್ನು ಮುದ್ದೆ ಮಾಡಿದಳು. ವಯರು ಬಳ್ಳಿಯಾಗಿತ್ತು, ಜನ ಸಾಲು ಚುಕ್ಕೆಗಳಾಗಿದ್ದರು. ಕಣ್ಣು ಕಂಡದ್ದನ್ನು ಕೈ ಕೇಳಿಯೇ ಇರಲಿಲ್ಲ.

ಅವಳಿಗೆ ಭಯವಾಯಿತು. ಇಷ್ಟು ವರ್ಷ ತನ್ನದೆಂದು ತಿಳಿದಿದ್ದ ಕೈ ತನ್ನ ಮಾತನ್ನೇ ಕೇಳುವುದಿಲ್ಲ ಎಂಬ ಭಯ. ಅದೇ ಸಂಜೆ, ಕೆಳಗಿನ ಬೀದಿಯಲ್ಲಿ ಬಣ್ಣ, ಕಾಗದ ಮಾರುವ ಸೆಡ್ರಿಕ್‌ನ ಅಂಗಡಿಗೆ ಹೋಗಿ ದೊಡ್ಡ ಹಾಳೆ ಕೇಳಿದಳು. ಅವನೂ ರಜೆಯ ದಿನ ಬೀದಿ ಬದಿ ಕೂತು ಚಿತ್ರ ಬಿಡಿಸುವವನು. ಅವಳ ಪೇಚನ್ನು ಕೇಳಿ ನಗಲಿಲ್ಲ.

“ನೀವು ಬೆರಳಿನಿಂದ ಎಳೀತೀರಿ. ಭುಜದಿಂದ ಎಳೆದು ನೋಡಿ,” ಎಂದ. “ಮತ್ತೆ, ಚಂದ ಆಗ್ತಾ ಬಂತು ಅಂತ ಗೊತ್ತಾದ ಕೂಡ್ಲೇ ನಿಲ್ಲಿಸಿ.”

ಟೆರೇಸಿನಲ್ಲಿ ಅವಳ ಪ್ರಯೋಗ ಶುರುವಾಯಿತು. ಪೋಸ್ಟರ್ ಬಣ್ಣವನ್ನು ಕೋನಿಗೆ ತುಂಬಿ ತುದಿಯನ್ನು ಅಗಲಕ್ಕೆ ಕತ್ತರಿಸಿದಳು. ಮದರಂಗಿ ಉದುರದಂತೆ ಸವರುವ ನಿಂಬೆ-ಸಕ್ಕರೆ ನೀರನ್ನು ಹಸಿ ಬಣ್ಣದ ಮೇಲೆ ಚಿಮುಕಿಸಿದಳು. ಬಣ್ಣ ಅಲ್ಲಲ್ಲಿ ಒಡೆದು ಹರಿಯಿತು. ಹಾಳೆಯನ್ನು ಓರೆ ಹಿಡಿದು ಹರಿದದ್ದನ್ನು ಹರಿಯಬಿಟ್ಟಳು. ಕೋನನ್ನು ಕೊಡೆಯ ಕಡ್ಡಿಗೆ ಕಟ್ಟಿ ದೂರದಿಂದ ಎಳೆದಳು, ಕಣ್ಣು ಮುಚ್ಚಿ ಎಳೆದಳು. ಬಟ್ಟೆ ಒಣಗಿಸಲು ಬಂದ ಉಮ್ಮ ಕೇಳಿದರು, “ಎಂತ ಮಗಳೇ ಇದು, ಕೋಳಿ ಕೆದಕಿದ ಹಾಗೆ?”

“ಗುಡ್ಡ ಉಮ್ಮ. ಅಲ್ಲಿ ಕಾಣ್ತದಲ್ಲ, ಅದು.”

“ಗುಡ್ಡ ಅಲ್ಲಿಯೇ ಉಂಟಲ್ಲ. ಇಲ್ಲಿ ಯಾಕೆ?”

ರುಖಿಯಾ ಮತ್ತೆ ಕೋನ್ ಹಿಂಡಿದಳು. ಒಂದೆರಡು ಗೆರೆ ಅವಳು ಬಯಸಿದಂತೆ ಒರಟಾಗಿ ಬಿದ್ದರೆ, ಮೂರನೆಯದು ತುದಿಯಲ್ಲಿ ಸುರುಳಿ ಸುತ್ತಿಕೊಳ್ಳುತ್ತಿತ್ತು. ಅವಳು ಹಾಳೆ ಹರಿಯುತ್ತಿದ್ದಳು, ಹೊಸದನ್ನು ಹಾಸುತ್ತಿದ್ದಳು.

ಹೀಗಿರುವಾಗಲೇ ನಂತೂರಿನ ಹತ್ತಿರ ಲವಿನಾ ಎಂಬ ಹುಡುಗಿಯ ಮದುವೆಗೆ ಕೋನ್ ಹಿಡಿಯಬೇಕಾಗಿ ಬಂತು. ಮದುಮಗಳ ಎಡಗೈ ಎಂದಿನಂತೆ ಮುಗಿಯಿತು. ಬಲ ಅಂಗೈಯ ನಡುವೆ ಬಳ್ಳಿ ತಿರುಗಬೇಕಾದಲ್ಲಿ ರುಖಿಯಾಳ ಭುಜ ಎದ್ದುಬಿಟ್ಟಿತು. ಒಂದು ದಪ್ಪ ಗೆರೆ ಅಡ್ಡಡ್ಡ ಓಡಿ ಮಣಿಕಟ್ಟಿನವರೆಗೆ ಹೋಗಿ ನಿಂತಿತು.

“ಇದೆಂತ ಇದು?” ಎಂದರು ಪಕ್ಕದಲ್ಲೇ ಕೂತಿದ್ದ ಮದುಮಗಳ ಚಿಕ್ಕಮ್ಮ ನೆಲ್ಲಿಬಾಯಿ. “ಗೀರು ಎಳೆದದ್ದಾ?”

ರುಖಿಯಾ ಹತ್ತಿಯಿಂದ ಒರೆಸಿದಳು. ಚರ್ಮ ಆಗಲೇ ಬಣ್ಣ ಹೀರಿತ್ತು. ಬೇರೆ ದಾರಿಯಿಲ್ಲದೆ ಅದರ ಮೇಲೆ ದೊಡ್ಡ ದೊಡ್ಡ ಎಲೆ ಬಿಡಿಸಿ ಮುಚ್ಚಿದಳು. ಬಲಗೈ ಎಡಗೈಗಿಂತ ಕಪ್ಪಾಯಿತು. ಲವಿನಾ ಬೈಯಲಿಲ್ಲ. ಎರಡೂ ಕೈ ಎತ್ತಿ ನೋಡಿದಳು. ಫೋಟೋ ತೆಗೆಯುವಾಗ ಬಲಗೈಯನ್ನು ಮೆಲ್ಲನೆ ಎಡಗೈಯ ಅಡಿಗೆ ಸರಿಸಿಕೊಂಡಳು. ರುಖಿಯಾಳಿಗೆ ನೆಲ್ಲಿಬಾಯಿಯ ಮಾತಿಗಿಂತ ಅದೇ ಹೆಚ್ಚು ಚುಚ್ಚಿತು.

ಗೇಟಿನ ಹೊರಗೆ ನಿರೀಕ್ಷಾ ಅವಳನ್ನು ನಿಲ್ಲಿಸಿದಳು. “ರುಖಿಯಾಕ್ಕ, ನಿಮಗೆ ಎಂತ ಆಗಿದೆ? ನಾಳೆಯಿಂದ ಯಾರಾದ್ರೂ ನಮ್ಮನ್ನು ಕರೀತಾರಾ?”

“ಕೈ ಜಾರಿತು.”

“ನಿಮ್ಮ ಕೈ ಜಾರುವ ಕೈ ಅಲ್ಲ. ನೀವು ಅದನ್ನು ಹಾಳು ಮಾಡ್ಲಿಕ್ಕೆ ಕಲಿಸ್ತಾ ಇದ್ದೀರಿ.” ನಿರೀಕ್ಷಾಳ ದನಿ ಇಳಿಯಿತು. “ಮುಂದಿನ ಮದುವೆಗೆ ನಾನು ಬೇರೆಯವರನ್ನು ಕರೀತೇನೆ. ಸಿಟ್ಟು ಮಾಡ್ಬೇಡಿ.”

ಸಿಟ್ಟು ಮಾಡಲು ರುಖಿಯಾಳಿಗೆ ಮುಖವಿರಲಿಲ್ಲ. ಮನೆಯ ಕಡೆಗೆ ಹೋಗುವ ಸುರತ್ಕಲ್ ಬಸ್ಸು ಹಿಡಿಯಲು ನಂತೂರಿನ ತಿರುವಿಗೆ ನಡೆದುಹೋದಳು. ಒಂದರ ಹಿಂದೆ ಒಂದು ಲಾರಿ ಏರು ಹತ್ತುತ್ತಿತ್ತು. ರಸ್ತೆ ಕೆಲಸಕ್ಕೆ ಕಡಿದ ಗುಡ್ಡದಿಂದ ಕೆಂಪು ಧೂಳು ಎದ್ದು, ಅರ್ಧ ಊರು ಕಾಣುತ್ತಿತ್ತು, ಅರ್ಧ ಕಾಣುತ್ತಿರಲಿಲ್ಲ. ಬಸ್ಸು ಬಂತು, ಅವಳು ಹತ್ತಲಿಲ್ಲ. ಚೀಲದಲ್ಲಿ ಹಾಳೆ ಇತ್ತು, ಕಪ್ಪು ಬಣ್ಣ ತುಂಬಿದ ಕೋನೂ ಇತ್ತು. ರಸ್ತೆ ಬದಿಯ ಕಾಂಕ್ರೀಟ್ ತಡೆಗೋಡೆಯ ಮೇಲೆ ಹಾಳೆ ಹಾಸಿದಳು.

ಲಾರಿಯೊಂದು ಹಾದುಹೋದ ಗಾಳಿಗೆ ಹಾಳೆ ಹಾರಿತು. ಬಲಗೈಯಿಂದ ಗಬಕ್ಕನೆ ಒತ್ತಿ ಹಿಡಿದಳು. ಇನ್ನೊಂದು ಲಾರಿ ಬಂತು. ಬಲಗೈ ಎತ್ತುವ ಹಾಗಿಲ್ಲ. ಹಾಳೆ ಹಾಸುವಾಗ ದಾಟಿಸಿಕೊಂಡಿದ್ದ ಕೋನು ಎಡಗೈಯಲ್ಲಿತ್ತು. ಸರಿ, ಎಂದು ಎಡಗೈಯಿಂದಲೇ ಹಿಂಡಿದಳು.

ಎಡಗೈಗೆ ಏನೂ ಗೊತ್ತಿರಲಿಲ್ಲ. ಅದು ಬಳ್ಳಿ ಕಲಿತದ್ದಲ್ಲ, ಜಾಲರಿ ಹೆಣೆದದ್ದಲ್ಲ. ಬಣ್ಣ ಒಮ್ಮೆ ಉಂಡೆಯಾಗಿ ಬಿತ್ತು, ಒಮ್ಮೆ ಬೀಳಲೇ ಇಲ್ಲ. ಲಾರಿ ಒಂದು ಕಪ್ಪು ತುಂಡಾಯಿತು. ಕಡಿದ ಗುಡ್ಡ ನಡುಗುವ ಮೂರು ಎಳೆತಗಳಾಯಿತು. ಧೂಳು ಮುಚ್ಚಿದಲ್ಲಿ ಅವಳು ಏನನ್ನೂ ಎಳೆಯಲಿಲ್ಲ. ಹಾಳೆಯ ಅರ್ಧ ಹಾಗೆಯೇ ಉಳಿಯಿತು. ಹಸಿ ಬಣ್ಣಕ್ಕೆ ಕೆಂಪು ಹುಡಿ ಅಂಟಿಕೊಂಡಿತು. ಖಾಲಿ ಬಿಟ್ಟ ಜಾಗವನ್ನು ನೋಡಿ ಅವಳು ಆಚೀಚೆ ಕಣ್ಣಾಡಿಸಿದಳು, ಎಲ್ಲಿಂದಲೋ ಏನನ್ನೋ ಕದ್ದು ತಂದವಳ ಹಾಗೆ.

ಮನೆಯಲ್ಲಿ ಉಮ್ಮನಿಗೆ ಹಾಳೆಗಿಂತ ಎಡಗೈಯ ಸುದ್ದಿಯೇ ಇರುಸುಮುರುಸಾಯಿತು. “ಎಡಗೈಯಲ್ಲಿ ಯಾರಾದ್ರೂ ಕೆಲಸ ಶುರು ಮಾಡ್ತಾರಾ?”

“ಬಲಗೈಗೆ ಅನ್ನ ಕೊಡುವ ಕೆಲಸ ಉಂಟಲ್ಲ ಉಮ್ಮ. ಅದು ಅದನ್ನೇ ಮಾಡಲಿ.”

ಅದರಂತೆ ನಡೆದಳು. ಬಲಗೈಯಿಂದ ಚಿತ್ರ ಬಿಡಿಸುವುದನ್ನು ಪೂರ್ತಿ ಬಿಟ್ಟಳು. ಕೆಲವು ವಾರಗಳ ನಂತರ ಪಾರ್ಲರಿನ ಮೆಟ್ಟಿಲು ಹತ್ತಿ ಹೋದಾಗ ನಿರೀಕ್ಷಾ ಕುರ್ಚಿ ಎಳೆದು ಕೂತು ತನ್ನದೇ ಕೈ ಚಾಚಿದಳು. “ಮೊದಲು ನನಗೆ ಹಾಕಿ. ನೋಡುವ.” ರುಖಿಯಾ ಹಾಕಿದಳು. ಬಳ್ಳಿ ಎಲ್ಲೂ ನಡುಗಲಿಲ್ಲ. ಒಣಗುವವರೆಗೂ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದ ನಿರೀಕ್ಷಾ, “ಶನಿವಾರ ಒಂದು ಮದುಮಗಳು ಉಂಟು,” ಎಂದಳು.

ಕೆಲಸ ಮರಳಿತು, ನೆಮ್ಮದಿ ಮರಳಲಿಲ್ಲ. ಮಳೆಗಾಲ ಕಳೆಯುವಷ್ಟರಲ್ಲಿ ಎಡಗೈ ಕೂಡ ಪಳಗತೊಡಗಿತ್ತು. ಅದರ ಗೆರೆ ನೇರವಾಗುತ್ತಿತ್ತು. ಸೆಡ್ರಿಕ್ ಒಂದು ಹಾಳೆ ನೋಡಿ, “ಈಗ ಕೈ ಕೂತಿದೆ,” ಎಂದು ಹೊಗಳಿದಾಗ ಅವಳಿಗೆ ಅಳು ಬಂದಂತಾಯಿತು. ಕೈ ಕೂರುವುದೇ ಅವಳಿಗೆ ಬೇಡವಾಗಿತ್ತು. ಕೋನ್ ಬಿಟ್ಟು, ಬಟ್ಟೆಯ ಚೀಲಕ್ಕೆ ಬಣ್ಣ ತುಂಬಿ ತೂತು ಮಾಡಿ ಹಿಂಡಿದಳು. ಅದೂ ಸಾಲದೆ ತೆಂಗಿನ ಸಿಪ್ಪೆಯ ನಾರನ್ನು ಬಣ್ಣದಲ್ಲಿ ಅದ್ದಿ ಬಡಿದಳು.

ಮೊನ್ನೆ ಸಂಜೆ ಟೆರೇಸಿನ ಗೋಡೆಗೆ ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ, ಮನೆಯ ಮುಂದಿನ ರಸ್ತೆಯಿಂದ ದೂರದ ರಿಫೈನರಿಯ ಚಿಮಣಿಯವರೆಗೆ ಎಲ್ಲವನ್ನೂ ಓಡಾಡುತ್ತಲೇ ಬಿಡಿಸುತ್ತಿದ್ದಳು. ಉಮ್ಮ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಹಾಳೆಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡುತ್ತ ನಡೆದರು.

“ಇದು ನಮ್ಮ ರಸ್ತೆ ಅಲ್ವಾ?”

ರುಖಿಯಾ ತಟ್ಟನೆ ತಿರುಗಿದಳು. ಉಮ್ಮ ಹೀಗೆ ಗುರುತು ಹಿಡಿದದ್ದು ಇದೇ ಮೊದಲು. “ಹೌದುಮ್ಮ.”

“ಮತ್ತೆ ನಮ್ಮ ಮನೆ ಎಲ್ಲಿ?”

ಅವಳು ಹಾಳೆಯ ಉದ್ದಕ್ಕೂ ಹುಡುಕಿದಳು. ಮಸೀದಿ ಇತ್ತು, ಟ್ರಾನ್ಸ್‌ಫಾರ್ಮರ್ ಇತ್ತು, ಅಂಗಡಿಯ ಶೀಟು ಹೊದಿಸಿದ ಮಾಡು ಇತ್ತು. ಮನೆ ಇರಬೇಕಾದಲ್ಲಿ ಬಿಳಿ ಜಾಗ.

“ಅದು ಬರಲಿಲ್ಲ ಉಮ್ಮ,” ಎಂದಳು. ಬಣ್ಣದ ಚೀಲ ಎತ್ತಿ ಆ ಜಾಗದ ಮುಂದೆ ನಿಂತಳು. ಆಮೇಲೆ ಅದನ್ನು ಬಿಳಿಯಾಗಿಯೇ ಬಿಟ್ಟು ಚೀಲವನ್ನು ಕೆಳಗಿಟ್ಟು, ಚಿಮಣಿಯ ಆಚೆಗೆ ಅಂಟಿಸಲು ಇನ್ನೊಂದು ಹಾಳೆಗೆ ಗೋಂದು ಸವರತೊಡಗಿದಳು.