ಬಹುಮಾನ ಬಂದ ಬಾಗಿಲು

ನಮ್ಮ ಅತ್ತಿಗೆಗೆ ತಲೆ ಕೆಟ್ಟಿದೆ, ನಗಿಸುವುದನ್ನೇ ಮರೆತುಬಿಟ್ಟಿದ್ದಾಳೆ ಎಂದು ಬಸ್ ನಿಲ್ದಾಣದ ಮೇನೇಜರು ಈಗಲೂ ಬಂದವರೆದುರು ಹೇಳಿಕೊಳ್ಳುತ್ತಾರೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಮೈ ಉರಿಯುತ್ತದೆ. ನಾನು ಅದೇ ನಿಲ್ದಾಣದಲ್ಲಿ ಪತ್ರಿಕೆ, ಬಿಸ್ಕತ್ತು, ನೀರಿನ ಬಾಟಲಿ ಮಾರುವವಳು. ಅತ್ತಿಗೆ ಮೈಕಿನಲ್ಲಿ ಬಸ್ಸುಗಳ ಹೊತ್ತು ಹೇಳುತ್ತಿದ್ದ ಕೋಣೆ ನನ್ನ ಅಂಗಡಿಯ ನೆತ್ತಿಯ ಮೇಲೇ ಇತ್ತು. ನಡೆದದ್ದು ನನ್ನ ಕಣ್ಣೆದುರಿಗೇ ನಡೆದದ್ದು.

ಅವಳ ಆ ನಗಿಸುವ ನಾಲಿಗೆ ಮೈಕು ಸಿಕ್ಕ ಮೇಲೆ ಹುಟ್ಟಿದ್ದಲ್ಲ. ಅಣ್ಣನ ಕೈಹಿಡಿದು ನಮ್ಮ ಮನೆಗೆ ಬಂದಾಗ ಇನ್ನೂ ಎಳೆಯ ಹುಡುಗಿ. ನಮ್ಮಪ್ಪನಿಗೆ ಮೂಗಿನ ತುದಿಯಲ್ಲೇ ಕೋಪ. ಊಟದಲ್ಲಿ ಉಪ್ಪು ಸಾಲದೆಂದು ತಟ್ಟೆ ತಳ್ಳಿದರೆ ಅಮ್ಮ, ನಾನು ಇಬ್ಬರೂ ಎದ್ದು ಓಡುತ್ತಿದ್ದೆವು. ಹಾಗೆ ತಳ್ಳಿದ ಒಂದು ದಿನ ಅತ್ತಿಗೆ ಕದಲಲಿಲ್ಲ. ಸೌಟನ್ನು ಬಾಯಿಯ ಹತ್ತಿರ ಹಿಡಿದು, ರೇಡಿಯೊದವರ ದನಿಯಲ್ಲಿ, "ಮನೆಮಂದಿಯ ಗಮನಕ್ಕೆ. ಉಪ್ಪಿನ ಡಬ್ಬಿ ಯಜಮಾನರ ಎಡಗೈಯಿಂದ ಗೇಣು ದೂರದಲ್ಲಿದೆ. ಅದು ತಾನಾಗಿ ನಡೆದು ಬರುವ ಸೂಚನೆ ಸದ್ಯಕ್ಕಿಲ್ಲ" ಎಂದಳು. ಅಮ್ಮನ ಮುಖ ಬಿಳಿಚಿಕೊಂಡಿತು. ಅಪ್ಪ ಕಣ್ಣು ಕೆಂಪಗೆ ಮಾಡಿ ನೋಡಿದರು, ಆಮೇಲೆ ತಡೆಯಲಾರದೆ ನಕ್ಕರು, ನಗುತ್ತಲೇ ಕೈ ಚಾಚಿ ಡಬ್ಬಿ ತೆಗೆದುಕೊಂಡರು. ನಮ್ಮ ಮನೆಯ ಗಂಡಸೊಬ್ಬರು ಉಪ್ಪನ್ನು ತಾವೇ ಹಾಕಿಕೊಂಡದ್ದನ್ನು ನಾನು ಅಂದೇ ಮೊದಲು ನೋಡಿದ್ದು.

ಅಣ್ಣ ಬಸ್ ಡ್ರೈವರ್ ಆಗಿದ್ದ. ಕಾಯಿಲೆ ಬಿದ್ದು ತೀರಿಕೊಂಡಾಗ ಅವನ ಬದಲಿಗೆ ಅತ್ತಿಗೆಗೆ ಕೆಲಸ ಕೊಟ್ಟು ಮೈಕಿನ ಮುಂದೆ ಕೂರಿಸಿದರು. ಬರೆದುಕೊಟ್ಟದ್ದನ್ನು ಓದುವುದಷ್ಟೇ ಕೆಲಸ. ಕೆಲವು ತಿಂಗಳು ಹಾಗೇ ಓದಿದಳು. ಒಂದು ಬೆಳಿಗ್ಗೆ, ಜನ ಕಾದು ಕಾದು ಸುಸ್ತಾಗಿದ್ದಾಗ ಮೇಲಿನಿಂದ ಅದೇ ಗಂಭೀರ ದನಿ ಬಂತು: "ಪ್ರಯಾಣಿಕರ ಗಮನಕ್ಕೆ. ಎಂಟು ಗಂಟೆಗೆ ಹೊರಡಬೇಕಿದ್ದ ಬಸ್ಸು ಎಂಟು ಗಂಟೆಗೇ ಹೊರಡುತ್ತದೆ. ಯಾವ ದಿನದ ಎಂಟು ಎಂಬುದನ್ನು ಡ್ರೈವರ್ ಸಿಕ್ಕ ಕೂಡಲೇ ತಿಳಿಸಲಾಗುವುದು." ಇಡೀ ನಿಲ್ದಾಣ ಗೊಳ್ಳೆಂದಿತು. ಡ್ರೈವರ್ ಎಲ್ಲಿದ್ದನೋ, ಬಾಯಿ ಒರೆಸಿಕೊಳ್ಳುತ್ತ ಓಡಿ ಬಂದ. ಅಂದಿನಿಂದ ಅವಳು ಎಲ್ಲರಿಗೂ ಮೈಕಕ್ಕ.

ಇನ್ನು ಆ ಬಾಗಿಲಿನ ವಿಷಯ. ನಿಲ್ದಾಣದಲ್ಲಿ ಹೆಂಗಸರಿಗೊಂದು ಶೌಚಾಲಯ ಇತ್ತು. ಬಿಳಿ ಟೈಲ್ಸು, ಹೊಳೆಯುವ ನಲ್ಲಿ, ಒಳಗಡೆ ಕನ್ನಡಿ ಬೇರೆ. ಬಾಗಿಲಿಗೆ ದಪ್ಪ ಬೀಗ. ಯಾಕೆಂದರೆ ವರ್ಷಕ್ಕೊಮ್ಮೆ ತಪಾಸಣೆಗೆ ಮೇಲಿನವರು ಬರುತ್ತಾರೆ, ಅಷ್ಟರವರೆಗೆ ಅದು ಗಲೀಜಾಗಬಾರದು! ತಪಾಸಣೆಯ ದಿನ ಬೀಗ ತೆಗೆಯುವುದು, ಬಂದವರು ಇಣುಕಿ ತಲೆದೂಗುವುದು, ಅವರ ಕಾರು ತಿರುವು ದಾಟುವುದರೊಳಗೆ ಮತ್ತೆ ಬೀಗ. ಸ್ವಚ್ಛತೆಗೆಂದು ಬಹುಮಾನವೂ ಬಂತು, ಅದರ ಪ್ರಮಾಣಪತ್ರಕ್ಕೆ ಗಾಜು ಹಾಕಿಸಿ ಅದೇ ಬಾಗಿಲಿಗೆ ಮೊಳೆ ಹೊಡೆದರು. ನಾವು ಹೆಂಗಸರು ಗುಜರಿಗೆ ಬಿದ್ದ ಬಸ್ಸುಗಳ ಹಿಂದೆ, ಒಬ್ಬಳು ಕಾವಲಿಗೆ ನಿಂತು, ಒಬ್ಬಳು ಹೋಗಿ ಬರಬೇಕಿತ್ತು. ದಿನವಿಡೀ ನೀರು ಮಾರುವ ನಾನು ಒಂದು ಗುಟುಕು ನೀರು ಕುಡಿಯಲು ಹೆದರುತ್ತಿದ್ದೆ. ಕಂಡಕ್ಟರ್ ಹುಡುಗಿಯರಿಗೆ ಉರಿಮೂತ್ರ ಎಂಬುದು ನೆಗಡಿಯ ಹಾಗೆ ಮಾಮೂಲಾಗಿತ್ತು. ಮನವಿ ಕೊಟ್ಟಾಯಿತು, ಜಗಳ ಆಡಿಯಾಯಿತು. ಮೇನೇಜರದು ಜಾಣಕಿವುಡು.

ಉಪ್ಪಿನ ಡಬ್ಬಿಯ ಮದ್ದು ಇಲ್ಲಿಗೂ ನಾಟೀತು ಎಂದು ಅತ್ತಿಗೆ ನಂಬಿದಳು. ಮೈಕು ಹಿಡಿದು ಹೇಳಿದಳು: "ಪ್ರಯಾಣಿಕರ ಗಮನಕ್ಕೆ. ನಮ್ಮ ಮಹಿಳಾ ಶೌಚಾಲಯಕ್ಕೆ ಈ ವರ್ಷವೂ ಸ್ವಚ್ಛತಾ ಬಹುಮಾನ ಬಂದಿದೆ. ಒಳಗೆ ಕಾಲಿಡದೆ ಸಹಕರಿಸಿದ ಸಮಸ್ತ ಮಹಿಳೆಯರಿಗೆ ಆಡಳಿತದ ಹೃತ್ಪೂರ್ವಕ ಧನ್ಯವಾದಗಳು."

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಯಾರೋ ಮೊಬೈಲಿನಲ್ಲಿ ಹಿಡಿದು ಊರಿಗೆಲ್ಲ ಹಂಚಿದರು. ಅವಳ ಕೆಲಸಕ್ಕೆ ಕುತ್ತು ಬಂತೆಂದು ನಾನು ಹೆದರಿದೆ. ಮೇನೇಜರು ಮೇಲಿನ ತಮ್ಮ ಕೋಣೆಯಿಂದ ಅವಳಿದ್ದಲ್ಲಿಗೆ ಮೆಟ್ಟಿಲಿಳಿದು ಬಂದೇ ಬಂದರು, ಆದರೆ ನಗುತ್ತಾ ಬಂದರು. ಕಣ್ಣಲ್ಲಿ ನೀರು ಬರುವಷ್ಟು ನಗು. ಅದನ್ನು ಕೇಳಿ ಮೇಲಿನವರೂ ನಕ್ಕರಂತೆ, ನಮ್ಮ ನಿಲ್ದಾಣ ಈಗ ಹೆಸರುವಾಸಿಯಂತೆ, ದಿನಕ್ಕೊಮ್ಮೆ ಅದನ್ನು ಹೇಳಲೇಬೇಕಂತೆ. ಅಷ್ಟು ಹೇಳಿ ಅವಳ ಬೆನ್ನು ತಟ್ಟಿ ಮೇಲೆ ಹೋದರು. ಬೀಗದ ಕೈ ಅವರ ಕೋಣೆಯ ಮೊಳೆಯಲ್ಲಿ ನೇತಾಡುತ್ತಲೇ ಇತ್ತು. ನಮ್ಮಪ್ಪ ನಕ್ಕು ಕೈ ಚಾಚಿದ್ದರು. ಈ ಮನುಷ್ಯ ನಕ್ಕು ಕೈ ಕಟ್ಟಿ ಕೂತರು. ಬೈಸಿಕೊಂಡು ಬಾಗಿಲು ತೆಗೆಯದವನನ್ನು ನಾನು ಕ್ಷಮಿಸಿಯೇನು, ನಕ್ಕು ತೆಗೆಯದವನನ್ನು ಕ್ಷಮಿಸಲಾರೆ.

ಇನ್ನೂ ಕೆಟ್ಟದ್ದೆಂದರೆ, ಮೊದಲು ಜಗಳಕ್ಕೆ ಹೋಗುತ್ತಿದ್ದ ಹೆಂಗಸರೂ ಈಗ ಹೋಗುವುದನ್ನು ಬಿಟ್ಟರು. ಮೈಕಕ್ಕ ಸರಿಯಾಗಿ ಬಾರಿಸಿದಳು ಎಂದು ನಕ್ಕು, ಗುಜರಿ ಬಸ್ಸಿನ ಹಿಂದಕ್ಕೆ ನಡೆಯುತ್ತಿದ್ದರು. ಮೇನೇಜರು ಇನ್ನೊಂದು ಬೇಡಿಕೆಯನ್ನೂ ಇಟ್ಟರು: ಮೂಟೆ ಹೊತ್ತು ಬರುವ ಮುದುಕಿಯರ ಮೇಲೆ, ಬೆಂಚಿನ ಮೇಲೆ ಬಾಯಿ ತೆರೆದು ಮಲಗುವವರ ಮೇಲೆ ನಾಲ್ಕು ಜೋಕು ಕಟ್ಟಬೇಕು, ಬರೀ ಆಡಳಿತದ ಮೇಲೆ ಆದರೆ ಬೇಜಾರಾಗುತ್ತದೆ. "ಅವರು ನನಗೇನು ಬೀಗ ಹಾಕಿದ್ದಾರೆ ಸಾರ್?" ಎಂದಳು ಅತ್ತಿಗೆ. ಅದಕ್ಕೂ ಅವರು ನಕ್ಕರು.

ಒಂದು ಮಧ್ಯಾಹ್ನ ದೂರದ ಬಸ್ಸಿನಿಂದ ಒಬ್ಬ ಅಜ್ಜಿ ಇಳಿದರು. ನನ್ನ ಅಂಗಡಿಗೆ ಬಂದು ದನಿ ತಗ್ಗಿಸಿ ಕೇಳಿದರು. ನಾನು ಗುಜರಿ ಬಸ್ಸಿನ ಕಡೆ ಕೈ ತೋರಿಸಿದೆ. ಅಷ್ಟು ದೂರ ಅವರಿಂದಾಗದು ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಹತ್ತಿರದ ಬಾಗಿಲಿಗೆ ಹೋದರು, ಬೀಗ ಹಿಡಿದು ಎಳೆದರು, ಮತ್ತೆ ಎಳೆದರು. ಅಲ್ಲೇ, ಆ ಗಾಜು ಹಾಕಿಸಿದ ಪ್ರಮಾಣಪತ್ರದ ಕೆಳಗೆ, ಅವರ ಬಟ್ಟೆ ಒದ್ದೆಯಾಯಿತು. ಅದೇ ಹೊತ್ತಿಗೆ ಮೇಲಿನಿಂದ ದಿನದ ಜೋಕು ಬಂತು. ಸಹಕರಿಸಿದ ಸಮಸ್ತ ಮಹಿಳೆಯರಿಗೆ ಧನ್ಯವಾದಗಳು. ಜನ ನಕ್ಕರು. ಅಜ್ಜಿ ನಗುವ ಜನರನ್ನು ನೋಡಿದರು, ತಮ್ಮ ಕಾಲ ಕೆಳಗಿನ ನೀರನ್ನು ನೋಡಿದರು, ಚೀಲದಿಂದ ಮುಖ ಮುಚ್ಚಿಕೊಂಡರು.

ಅತ್ತಿಗೆ ಕಿಟಕಿಯಿಂದ ಅದನ್ನು ಕಂಡಳು. ಮೈಕು ಹಾಗೇ ಬಿಟ್ಟು ಇಳಿದು ಬಂದು, ತನ್ನ ಶಾಲನ್ನು ಅಜ್ಜಿಯ ಸೊಂಟಕ್ಕೆ ಸುತ್ತಿ, ನನ್ನ ಅಂಗಡಿಯ ಒಳಗೆ ಕೂರಿಸಿದಳು. "ನನ್ನ ನೋಡಿ ನಕ್ಕರಲ್ಲವೇನಮ್ಮಾ?" ಎಂದರು ಅಜ್ಜಿ. ಅತ್ತಿಗೆ ಶಾಲಿನ ಗಂಟು ಬಿಗಿದು ಎದ್ದಳು.

ಮತ್ತೆ ಮೆಟ್ಟಿಲು ಹತ್ತಿದಳು. ಮೈಕು ಗರಗರ ಎಂದಿತು. ಆಗ ಬಂದದ್ದು ರೇಡಿಯೊದ ದನಿಯಲ್ಲ, ಮನೆಯಲ್ಲಿ ಮಾತಾಡುವ ದನಿ. "ಹೆಂಗಸರ ಶೌಚಾಲಯದ ಬೀಗದ ಕೈ ಮೇನೇಜರ ಕೋಣೆಯಲ್ಲಿದೆ. ಬಾಗಿಲ ಪಕ್ಕದ ಮೊಳೆಗೆ ಹಾಕಿದ್ದಾರೆ. ಬೇಕಾದವರು ಹೋಗಿ ತಗೊಳ್ಳಿ."

ಜನ ಮುಂದಿನ ಮಾತಿಗೆ, ನಗುವ ಮಾತಿಗೆ, ಕಾದರು. ಬರಲಿಲ್ಲ. ರೂಢಿಯಿಂದ ಒಬ್ಬ ನಕ್ಕು ತಾನೇ ನಿಲ್ಲಿಸಿದ. ಮೊದಲು ಎದ್ದವಳು ಒಬ್ಬ ಕಂಡಕ್ಟರ್ ಹುಡುಗಿ. ನಾನು ಅಂಗಡಿಯನ್ನು ಅಜ್ಜಿಯ ಕೈಗೆ ಒಪ್ಪಿಸಿ ಹೊರಟೆ. ಹಿಂದೆ ಮಗುವನ್ನು ಕಂಕುಳಲ್ಲಿಟ್ಟವರು, ಬಸುರಿಯರು, ಕಸ ಗುಡಿಸುವವರು. ಮೇನೇಜರ ಕೋಣೆ ತುಂಬಿತು, ಮೆಟ್ಟಿಲೂ ತುಂಬಿತು.

"ಏನ್ರಮ್ಮಾ, ಮೈಕಕ್ಕಂದು ಹೊಸ ಜೋಕಾ?" ಎಂದು ಅವರು ಹಲ್ಲು ಬಿಟ್ಟರು. ಯಾರೂ ನಗಲಿಲ್ಲ. ಒಬ್ಬಳಾದರೂ ನಕ್ಕಾಳು ಎಂದು ಒಂದೊಂದೇ ಮುಖ ಹುಡುಕಿದರು. ಕಂಡಕ್ಟರ್ ಹುಡುಗಿ ಮೊಳೆಯಿಂದ ಬೀಗದ ಕೈ ತೆಗೆದುಕೊಂಡು ಇಳಿದಳು. ಬೀಗ ಮತ್ತೆ ಯಾರ ಕೈಗೂ ಸಿಗಲಿಲ್ಲ. ಎಲ್ಲಿ ಹೋಯಿತೆಂದು ನನ್ನನ್ನು ಕೇಳಬೇಡಿ.

ಅತ್ತಿಗೆಯನ್ನು ಪಾರ್ಸೆಲ್ ವಿಭಾಗಕ್ಕೆ ಹಾಕಿದರು. ಕಿಟಕಿಯಿಲ್ಲದ ಕೋಣೆ, ದಿನವಿಡೀ ಮೂಟೆಗೆ ಚೀಟಿ ಅಂಟಿಸುವ ಕೆಲಸ. ಮೈಕಿನಲ್ಲಿ ಈಗ ಯಾವುದೋ ರೆಕಾರ್ಡಿನ ದನಿ ಮಾತಾಡುತ್ತದೆ. ಮೊನ್ನೆ ನಾನು ಅವಳ ಹತ್ತಿರ ಕೂತು, ಮೇನೇಜರು ಆಡಿಕೊಳ್ಳುವ ಮಾತನ್ನೆಲ್ಲ ಹೇಳಿ ಹಲ್ಲು ಕಡಿದೆ. ಅವಳು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

"ಆ ಬಾಗಿಲು ಹೇಗಿದೆ?" ಎಂದಳು.

"ಹೇಗಿರತ್ತೆ? ಒಳಗೆ ಕಾಲಿಡೋಕಾಗಲ್ಲ, ಅಷ್ಟು ಗಲೀಜು. ಈ ವರ್ಷ ಬಹುಮಾನಾನೂ ಬರಲಿಲ್ಲ."

ಅತ್ತಿಗೆ ಚೀಟಿ ಅಂಟಿಸುವುದನ್ನು ನಿಲ್ಲಿಸಿ ನಕ್ಕಳು. ಊರನ್ನೆಲ್ಲ ನಗಿಸಿದವಳು ತಾನು ಹಾಗೆ ಮನಸಾರೆ ನಕ್ಕದ್ದನ್ನು ನಾನು ಎಂದೂ ನೋಡಿರಲಿಲ್ಲ. ನಗು ನಿಂತ ಮೇಲೆ, ಪೊರಕೆ ಮತ್ತು ಫಿನಾಯಿಲಿಗೆ ಯಾರನ್ನು ಕೇಳಬೇಕು ಎಂದು ವಿಚಾರಿಸಿದಳು.